ದುಡಿಯುವ ಮಹಿಳೆ ಮತ್ತು ನೇರ ನುಡಿ

(ಶತಮಾನೋತ್ಸವದ ಅಂಗವಾಗಿ ನಡೆದ ಮಹಿಳಾ ಸಮಾವೇಶದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಈ ಸಮಾವೇಶದ ಸಂಚಾಲಕರು ನನಗೆ ಸೂಚಿಸಿದ್ದ ವಿಷಯ 'ಆದರ್ಶ ಗೃಹಿಣಿ'. ಅವರ ಕ್ಷಮೆ ಕೋರಿ ಅದನ್ನು ಬದಲಿಸಿಕೊಂಡಿದ್ದೇನೆ. ಬೆಳಗಿನ ಪೂಜೆ ಮುಗಿಸಿ ಯಡಿಯೂರು ಕೆರೆಯ ಬದಿಯಲ್ಲಿ ನಡೆದು ಬರುವಾಗ, ಊಟದ ಡಬ್ಬಿ ಹಿಡಿದು ಬಸ್ಸಿಗಾಗಿ ಧಾವಿಸುವ ನಿಮ್ಮನ್ನೇ ನಾನು ಕಾಣುತ್ತೇನೆ. ಜಯನಗರದ ಮನೆಗೆಲಸಕ್ಕೆ, ಅಂಗಡಿಗೆ, ಆಸ್ಪತ್ರೆಗೆ, ಕಚೇರಿಗೆ, ಗಾರ್ಮೆಂಟ್ಸಿಗೆ ಹೊರಟವರು ನೀವು. ಇಲ್ಲಿ ನೆರೆದವರಲ್ಲಿ ಬರಿಯ ಗೃಹಿಣಿಯರು ಬೆರಳೆಣಿಕೆಯಷ್ಟು. ಆದುದರಿಂದ ದುಡಿಯುವ ಜಾಗದಲ್ಲಿ ಮಹಿಳೆ ಹೇಗೆ ಮಾತನಾಡಬೇಕೆಂಬುದನ್ನು ಕುರಿತು ಎರಡು ಮಾತು ಹೇಳಬಯಸುತ್ತೇನೆ.

ಮೊದಲಿಗೆ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಬಹಳ ವರ್ಷಗಳ ಹಿಂದೆ, ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ, ಹೊಲಿಗೆ ಕಾರ್ಖಾನೆಯೊಂದರ ಕೆಲಸಗಾರ್ತಿ ಪೂಜೆಯ ನಂತರ ನನ್ನ ಬಳಿ ಬಂದು ಕಣ್ಣೀರಿಟ್ಟಳು. ಸೂಪರ್‌ವೈಸರ್ ಇಡೀ ಸಾಲಿನ ಮುಂದೆ ತನ್ನನ್ನು ಹೀನಾಯವಾಗಿ ಬೈಯುತ್ತಾನೆ, ಮಗುವಿಗೆ ಜ್ವರವೆಂದರೂ ರಜೆ ಕೊಡುವುದಿಲ್ಲ ಎಂದಳು. "ತಾಳಿಕೊಳ್ಳಮ್ಮಾ, ಪ್ರಾರ್ಥನೆ ಮಾಡು, ದೇವರು ನೋಡಿಕೊಳ್ಳುತ್ತಾನೆ" ಎಂದೆ. ಆಕೆ ನಾಲ್ಕು ತಿಂಗಳು ತಾಳಿದಳು. ಒಂದು ಮಧ್ಯಾಹ್ನ ಕತ್ತರಿಯನ್ನು ಅವನ ಮೇಜಿನ ಮೇಲೆ ಎಸೆದು, ಬಾಯಿಗೆ ಬಂದಂತೆ ಕೂಗಾಡಿ, ಅದೇ ಸಂಜೆ ಕೆಲಸ ಕಳೆದುಕೊಂಡಳು. ತಾಳಿದ್ದು ನನ್ನ ಮಾತಿನಿಂದ. ಸಿಡಿದದ್ದೂ ಆ ಮಾತಿನಿಂದಲೇ ಎಂಬುದು ನನಗೆ ಅರಿವಾಗಲು ಬಹುಕಾಲ ಹಿಡಿಯಿತು. ಮೌನಕ್ಕೂ ಸ್ಫೋಟಕ್ಕೂ ನಡುವೆ ಇನ್ನೊಂದು ದಾರಿಯಿದೆ. ಅದನ್ನು ಆಕೆಗೆ ಹೇಳಿಕೊಡಲು ನನಗೆ ಅಂದು ತಿಳಿದಿರಲಿಲ್ಲ.

ಸೌಮ್ಯತೆಯೆಂದರೆ ಬಾಯಿ ಮುಚ್ಚಿಕೊಂಡಿರುವುದಲ್ಲ. ಪ್ರಧಾನ ಯಾಜಕನ ಮುಂದೆ ಕಾವಲುಗಾರನೊಬ್ಬನು ಕೆನ್ನೆಗೆ ಹೊಡೆದಾಗ ಪ್ರಭು ಯೇಸು ತಿರುಗಿ ಹೊಡೆಯಲಿಲ್ಲ, ಸುಮ್ಮನೆಯೂ ಇರಲಿಲ್ಲ. ತನ್ನ ಮಾತಿನಲ್ಲಿ ತಪ್ಪಿದ್ದರೆ ತೋರಿಸಬೇಕೆಂದೂ, ತಪ್ಪಿಲ್ಲದಿದ್ದರೆ ಹೊಡೆದದ್ದೇಕೆಂದೂ ಕೇಳಿದರು. ಗುರುಮಠದಲ್ಲಿ ನಾವು ಇನ್ನೊಂದು ಕೆನ್ನೆಯ ಬೋಧನೆಯನ್ನು ಓದಿದಷ್ಟು ಆಸ್ಥೆಯಿಂದ ಈ ಪ್ರಸಂಗವನ್ನು ಓದಲಿಲ್ಲವೆಂದು ತೋರುತ್ತದೆ.

ನಮ್ಮ ಕನ್ನಡದಲ್ಲಿ ಅಪಮಾನವು ಬೈಗುಳಕ್ಕಿಂತ ಮೊದಲೇ, ಏಕವಚನದಲ್ಲಿ ಆರಂಭವಾಗುತ್ತದೆ. ತಾಯಿಯನ್ನೂ ದೇವರನ್ನೂ ನಾವು 'ನೀನು' ಎನ್ನುತ್ತೇವೆ, ಅದು ಸಲುಗೆ. ಇಪ್ಪತ್ತೈದರ ಹುಡುಗನು ನಲವತ್ತೈದರ ಹೆಂಗಸಿಗೆ "ಏನೇ, ಬೇಗ ಹೊಲಿಯೇ" ಎನ್ನುವುದು ಸಲುಗೆಯಲ್ಲ. ಇದಕ್ಕೆ ತಲೆ ತಗ್ಗಿಸಿದರೆ ನಾಳೆಯೂ ಅದೇ ಮಾತು. "ನೀನ್ಯಾವನೋ ಕೇಳೋಕೆ" ಎಂದರೆ ತಪ್ಪು ನಿಮ್ಮ ತಲೆಗೆ. "ಸರ್, ಕೆಲಸದಲ್ಲಿ ತಪ್ಪಿದ್ದರೆ ಹೇಳಿ, ತಿದ್ದಿಕೊಳ್ಳುತ್ತೇನೆ. ಆದರೆ ನನ್ನನ್ನು 'ನೀವು' ಎಂದು ಮಾತನಾಡಿಸಿ" ಎನ್ನಿ. ಮುಖ ನೋಡಿ, ಸಾಧಾರಣ ದನಿಯಲ್ಲಿ, ಒಮ್ಮೆ. ಹೇಳಿದ ಮೇಲೆ ನಿಲ್ಲಿಸುವುದೇ ಕಷ್ಟ. ನಮ್ಮವರು ಇಷ್ಟು ಹೇಳಿ, ಕೂಡಲೇ ನಕ್ಕು, "ತಪ್ಪು ತಿಳ್ಕೋಬೇಡಿ ಸರ್, ಏನೋ ಬಾಯಿಗೆ ಬಂತು" ಎಂದು ಸೇರಿಸುತ್ತಾರೆ. ಕೊಟ್ಟದ್ದನ್ನು ಕಿತ್ತುಕೊಂಡ ಹಾಗೆ! (ಅಂದು ನಾನೂ ಆ ತಾಯಿಯನ್ನು ಏಕವಚನದಲ್ಲಿಯೇ ಮಾತನಾಡಿಸಿದ್ದೆ, ಇಂದಿಗೂ ಆ ರೂಢಿ ನನ್ನ ಬರಹದಲ್ಲಿ ಉಳಿದಿದೆ.)

ಸಂಜೆ ಹೆಚ್ಚುಹೊತ್ತು ನಿಲ್ಲೆಂದಾಗಲೂ ಹಾಗೆಯೇ. ಅತ್ತೆಗೆ ಕಾಯಿಲೆಯೆಂದು ಸುಳ್ಳು ಹೇಳಬೇಡಿ. ಮುಂದೊಮ್ಮೆ ಅತ್ತೆಗೆ ನಿಜವಾಗಿ ಕಾಯಿಲೆಯಾದಾಗ ಯಾರೂ ನಂಬುವುದಿಲ್ಲ. "ಇಂದು ಆರು ಗಂಟೆಯ ನಂತರ ನಿಲ್ಲಲು ನನ್ನಿಂದಾಗದು, ನಾಳೆ ಬೇಕಾದರೆ ಮಧ್ಯಾಹ್ನವೇ ತಿಳಿಸಿ" ಎಂದರೆ ಸಾಕು. ನಿಂತರೆ, ಹೆಚ್ಚುವರಿ ದುಡಿಮೆಗೆ ಎರಡರಷ್ಟು ವೇತನವೆಂಬುದು 1948ರ ಕಾರ್ಖಾನೆ ಕಾಯಿದೆಯಲ್ಲಿಯೇ ಬರೆದಿದ್ದ ಮಾತು.

ಓದಿದವರಿಗೆ ಈ ತೊಡಕಿಲ್ಲವೆಂದು ಭಾವಿಸಬೇಡಿ. ಕೊಡಗಿನ ವಿರಾಜಪೇಟೆಯ ಸಿ. ಬಿ. ಮುತ್ತಮ್ಮನವರು 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಪ್ರಥಮ ಮಹಿಳೆ. ವಿವಾಹವಾದರೆ ರಾಜೀನಾಮೆ ಕೊಡುವೆನೆಂದು ಸೇರುವಾಗಲೇ ಅವರು ಬರೆದುಕೊಡಬೇಕಾಯಿತು. ಗಂಡಸರಿಗೆ ಈ ಮುಚ್ಚಳಿಕೆ ಇರಲಿಲ್ಲ. ರಾಯಭಾರಿಯ ಪದವಿಗೇರಿದ ಮೇಲೂ ಮುಂದಿನ ಬಡ್ತಿ ತಪ್ಪಿದಾಗ ಅವರು ಗೊಣಗಲಿಲ್ಲ, ಕೆಲಸ ಬಿಟ್ಟೂ ಹೋಗಲಿಲ್ಲ. ತಮಗಾದುದನ್ನು ಬರೆದು ಸರ್ವೋಚ್ಚ ನ್ಯಾಯಾಲಯದ ಮುಂದಿಟ್ಟರು. ವಿಚಾರಣೆಯ ವೇಳೆಗೆ ಬಡ್ತಿ ಬಂದುಬಿಟ್ಟಿತ್ತು. ಆ ಕಾರಣದಿಂದ 1979ರಲ್ಲಿ ಅರ್ಜಿ ವಜಾ ಆದರೂ, ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಆ ನಿಯಮಗಳನ್ನು ಕಟುವಾಗಿ ಖಂಡಿಸಿದರು. ಅವರ ನಂತರ ಸೇವೆಗೆ ಬಂದ ಹೆಣ್ಣುಮಕ್ಕಳಿಗೆ ಆ ಅರ್ಜಿಯಿಂದ ಉಪಕಾರವಾಯಿತು.

ಇನ್ನೊಂದು ಸಂಗತಿ ನಮ್ಮ ಊರಿನದೇ. 2016ರ ಫೆಬ್ರುವರಿಯಲ್ಲಿ ಭವಿಷ್ಯನಿಧಿಯ ನಿಯಮ ಬದಲಾಗಿ, ಮಾಲೀಕರು ಕಟ್ಟಿದ ಪಾಲು 58 ವರ್ಷದವರೆಗೆ ಕೈಗೆ ಸಿಗದೆಂದಾಯಿತು. ಏಪ್ರಿಲ್ 18ರಂದು ಹೊಸೂರು ರಸ್ತೆಯಲ್ಲಿ ಸಾವಿರಾರು ಗಾರ್ಮೆಂಟ್ಸ್ ಮಹಿಳೆಯರು ಹೊರಬಂದು ರಸ್ತೆಯಲ್ಲಿ ಕುಳಿತರು; ಕರೆ ಕೊಟ್ಟ ನಾಯಕರೆಂಬುವರು ಯಾರೂ ಇರಲಿಲ್ಲ. ಮರುದಿನ ಅದು ಪೀಣ್ಯದ ಕಡೆಗೂ ಹಬ್ಬಿತು. ಕಲ್ಲು ಬಿದ್ದವು, ಬಸ್ಸು ಉರಿದವು, ಲಾಠಿ ಬೀಸಿತು. 19ರಂದೇ ಕೇಂದ್ರ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಈ ಜಯವನ್ನು ನಾನು ಗೌರವಿಸುತ್ತೇನೆ. ಆದರೆ ದಿನನಿತ್ಯದ ಸಣ್ಣ ಮಾತಿಗೆ ಕಿವಿಗೊಡುವವರು ಇದ್ದಿದ್ದರೆ ಅಷ್ಟು ದೊಡ್ಡ ಕೂಗು ಬೇಕಾಗುತ್ತಿತ್ತೇ ಎಂಬ ಪ್ರಶ್ನೆ ನನ್ನನ್ನು ಕಾಡುತ್ತದೆ.

ಲೈಂಗಿಕ ಕಿರುಕುಳದ ವಿಷಯದಲ್ಲಿ ಮಾತ್ರ ಸೌಜನ್ಯದ ಮಾತಿಗೆ ಕಾಯಬೇಕಾಗಿಲ್ಲ. 2013ರ ಕಾಯಿದೆಯಂತೆ ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆಯಲ್ಲಿ ಆಂತರಿಕ ಸಮಿತಿ ಇರಬೇಕು. ಅದಕ್ಕೆ ಮಹಿಳೆಯೇ ಅಧ್ಯಕ್ಷೆಯಾಗಿರಬೇಕು. ಮೂರು ತಿಂಗಳೊಳಗೆ ದೂರು ಕೊಡಬೇಕು. ಬರೆಯಲಾಗದವರಿಗೆ ಬರೆಯಲು ಸಮಿತಿಯವರೇ ನೆರವಾಗಬೇಕೆಂದೂ ಕಾಯಿದೆ ಹೇಳುತ್ತದೆ. ಮನೆಗೆಲಸದವರೂ ಅದರ ವ್ಯಾಪ್ತಿಗೆ ಬರುತ್ತಾರೆ. ಅವರಿಗೆ ಜಿಲ್ಲೆಯ ಸ್ಥಳೀಯ ಸಮಿತಿ.

ಮಾತನಾಡಿದರೆ ಕೆಲಸ ಹೋಗಬಹುದಲ್ಲವೇ ಎಂದು ಕೇಳುತ್ತೀರಿ. ಹೋಗಬಹುದು. ಹೋಗುವುದಿಲ್ಲವೆಂದು ನಾನು ಭರವಸೆ ಕೊಟ್ಟರೆ ಅದು ನನ್ನ ಎರಡನೆಯ ತಪ್ಪಾದೀತು. ಬಾಡಿಗೆ, ಶಾಲೆಯ ಶುಲ್ಕ ನಿಮ್ಮ ತಲೆಯ ಮೇಲಿದೆ, ನನ್ನ ಮೇಲಿಲ್ಲ. ಆದ್ದರಿಂದ ಒಬ್ಬರೇ ಹೋಗಬೇಡಿ, ಇಬ್ಬರು ಮೂವರು ಕೂಡಿ ಹೋಗಿ. ನಡೆದುದನ್ನು ತಾರೀಖು ಹಾಕಿ ಒಂದು ಪುಸ್ತಕದಲ್ಲಿ ಬರೆದಿಡಿ. ಗಂಡನನ್ನೋ ತಮ್ಮನನ್ನೋ ಮಾತನಾಡಲು ಕಳುಹಿಸಬೇಡಿ. ಅವರು ಜಗಳ ಮಾಡಿ ಬರುತ್ತಾರೆ, ಮರುದಿನ ಯಂತ್ರದ ಮುಂದೆ ಕೂರುವವರು ನೀವು.

ಕೊನೆಯದಾಗಿ, ಮನೆಗೆಲಸಕ್ಕೆ ಜನ ಇಟ್ಟುಕೊಂಡಿರುವ ತಾಯಂದಿರಿಗೆ. ನಮ್ಮ ರಾಜ್ಯದಲ್ಲಿ ಮನೆಗೆಲಸಕ್ಕೂ ಸರ್ಕಾರ 2004ರಲ್ಲಿ ಕನಿಷ್ಠ ವೇತನ ಗೊತ್ತುಪಡಿಸಿತು. ನಿಮ್ಮ ಮನೆಯಾಕೆ ಈ ಭಾಷಣ ಕೇಳಿ ನಾಳೆ ಬೆಳಿಗ್ಗೆ "ಅಮ್ಮಾ, ತಿಂಗಳಿಗೆ ನಾಲ್ಕು ರಜೆ ಬೇಕು" ಎಂದಳೆಂದು ತಿಳಿಯಿರಿ. ಆಗ ನೀವು ಏನು ಹೇಳುವಿರಿ, ಯಾವ ವಚನದಲ್ಲಿ ಹೇಳುವಿರಿ ಎಂಬುದನ್ನು ಇಂದು ರಾತ್ರಿಯೇ ಯೋಚಿಸಿಡಿ.

ಮುಂದಿನ ತಿಂಗಳಿಂದ ಪ್ರತಿ ಎರಡನೆಯ ಭಾನುವಾರ, ಬೆಳಗಿನ ಎರಡನೆಯ ಪೂಜೆಯ ನಂತರ, ದೇವಾಲಯದ ಪಕ್ಕದ ಕೊಠಡಿಯಲ್ಲಿ ಧರ್ಮಭಗಿನಿಯೊಬ್ಬರೂ ವಕೀಲೆಯೊಬ್ಬರೂ ಕುಳಿತಿರುತ್ತಾರೆ. ಯಾವ ಧರ್ಮದವರಾದರೂ ಬರಬಹುದು. ವೇತನದ ಚೀಟಿ ಇದ್ದರೆ ತನ್ನಿ. ಅರ್ಜಿ ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಸಾಕು, ಅವರು ಬರೆದುಕೊಡುತ್ತಾರೆ. ನಾನು ಆ ಕೊಠಡಿಯಲ್ಲಿ ಇರುವುದಿಲ್ಲ; ಗುರುಗಳೆದುರು ಮಾತು ಹೊರಡದೆಂದು ನಿಮ್ಮಲ್ಲಿ ಕೆಲವರು ನೇರವಾಗಿಯೇ ತಿಳಿಸಿದ್ದಾರೆ.