ಎಲೆಯಲ್ಲೇ ಉಳಿದ ಹೋಳಿಗೆ



ಮನೆಯಲ್ಲಿ ಒಂದಗುಳೂ ಬಿಡದೆ ಉಣ್ಣುವವರೇ ಮದುವೆ ಊಟದಲ್ಲಿ ಅರ್ಧ ಎಲೆ ಬಿಟ್ಟು ಏಳುತ್ತಾರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು 2012ರಲ್ಲಿ ನಗರದ ಕಲ್ಯಾಣ ಮಂಟಪಗಳ ಅಧ್ಯಯನ ನಡೆಸಿ, ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಒಳ್ಳೆಯ ಆಹಾರ ಪೋಲಾಗುತ್ತಿದೆ ಎಂದು ಅಂದಾಜು ಮಾಡಿದ್ದರು.

ಉಣ್ಣುವವರಿಗೆ ಸೊಕ್ಕು ಎಂದು ಬೈದುಬಿಡುವುದು ಸುಲಭ. ನನಗೆ ಹಾಗನಿಸುವುದಿಲ್ಲ. ಹತ್ತು ಗಂಟೆಗೆ ಉಪ್ಪಿಟ್ಟು, ಕೇಸರಿಬಾತ್ ತಿಂದವರನ್ನು ಹನ್ನೆರಡೂವರೆಗೆ ಪಂಕ್ತಿಗೆ ಕೂರಿಸುತ್ತೇವೆ. ಕೋಸಂಬರಿ, ಪಲ್ಯ, ಚಿತ್ರಾನ್ನ ಮುಗಿಯುವ ಮೊದಲೇ ಅನ್ನದ ಮೇಲೆ ಸಾರು ಬಿದ್ದಾಗಿರುತ್ತದೆ. ಬೆನ್ನ ಹಿಂದೆ ಮುಂದಿನ ಪಂಕ್ತಿಯವರು ಕುರ್ಚಿ ಹಿಡಿದೇ ನಿಂತಿರುತ್ತಾರೆ. ಅಷ್ಟರಲ್ಲಿ ಹುಡುಗಿಯ ತಂದೆ ಬಂದು, "ಇವರಿಗೆ ಇನ್ನೊಂದು ಹೋಳಿಗೆ ಬಡಿಸಪ್ಪಾ" ಎನ್ನುತ್ತಾರೆ. ಬೇಡವೆಂದರೆ ಅವರು ನೊಂದುಕೊಂಡಾರು ಎಂಬ ದಾಕ್ಷಿಣ್ಯ. ತುಪ್ಪ ಹಾಕಿಸಿಕೊಂಡ ಆ ಎರಡನೆಯ ಹೋಳಿಗೆ ಅಂಚು ಕೂಡ ಮುರಿಯದೆ ಎಲೆಯೊಳಗೆ ಮಡಿಚಿಹೋಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಸಂಕಟವಾಗುವುದು ಮೂರು ವರ್ಷದ ಮಗುವಿನ ಮುಂದಿರುವ ಎಲೆ ನೋಡಿದಾಗ. ದೊಡ್ಡವರಿಗೆ ಬಡಿಸಿದ್ದಷ್ಟನ್ನೂ ಅದಕ್ಕೂ ಬಡಿಸಿರುತ್ತಾರೆ. ಮಗು ಹಪ್ಪಳ ಮುರಿದು ತಿಂದು, ಬಾಳೆಹಣ್ಣು ಹಿಡಿದು ಕುರ್ಚಿಯಿಂದ ಇಳಿದುಬಿಡುತ್ತದೆ. ಉಳಿದದ್ದೆಲ್ಲ ತಿಪ್ಪೆಗೆ.

ಬಡಿಸುವವರೇ, ಕೇಳಿ ಬಡಿಸಿ. ಮನೆಯವರೇ, ಉಪಚಾರವಿರಲಿ, ಒತ್ತಾಯ ಬೇಡ. ತಂದೆತಾಯಂದಿರೇ, ಮುಂದಿನ ಮದುವೆಯಲ್ಲಿ ಪುಟ್ಟ ಮಗುವಿಗೆ ಬೇರೆ ಎಲೆ ಹಾಕಿಸಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ನಿಮ್ಮ ಎಲೆಯಿಂದಲೇ ತಿನ್ನಿಸಿ.