ಮಕ್ಕಳ ಮೂತ್ರಪಿಂಡಗಳ ರಕ್ಷಣೆ

ಬೆನ್ನೆಲುಬಿನ ಎರಡೂ ಬದಿಗಳಲ್ಲಿ, ಪಕ್ಕೆಲುಬುಗಳ ಕೆಳಗೆ ಇರುವ ಮೂತ್ರಪಿಂಡಗಳು ರಕ್ತವನ್ನು ಸೋಸಿ ಕಲ್ಮಶಗಳನ್ನು ಹೊರಹಾಕುತ್ತವೆ. ಶರೀರದ ನೀರು ಮತ್ತು ಲವಣಗಳ ಸಮತೋಲ, ರಕ್ತದೊತ್ತಡದ ನಿಯಂತ್ರಣ, ಮೂಳೆಗಳ ಬಲ, ಕೆಂಪು ರಕ್ತಕಣಗಳ ಉತ್ಪತ್ತಿ ಇವೆಲ್ಲಕ್ಕೂ ಅವು ಅವಶ್ಯಕ. ಪ್ರತಿಯೊಂದು ಮೂತ್ರಪಿಂಡದಲ್ಲಿ ನೆಫ್ರಾನ್ ಎಂಬ ಸುಮಾರು 10 ಲಕ್ಷ ಸೂಕ್ಷ್ಮ ಘಟಕಗಳಿರುತ್ತವೆ. ಇವುಗಳ ರಚನೆ ಗರ್ಭಧಾರಣೆಯ ಸುಮಾರು 36ನೆಯ ವಾರಕ್ಕೆ ಮುಗಿಯುತ್ತದೆ. ಅನಂತರ ನಾಶವಾದ ಘಟಕದ ಸ್ಥಾನದಲ್ಲಿ ಹೊಸದು ಹುಟ್ಟುವುದಿಲ್ಲ. ಎಳೆಯ ವಯಸ್ಸಿನಲ್ಲಿ ಮೂತ್ರಪಿಂಡಕ್ಕೆ ಆದ ಹಾನಿ ಜೀವನಪರ್ಯಂತ ಉಳಿಯುವುದಕ್ಕೆ ಇದೇ ಕಾರಣ.

ಠಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿ ಮುಂಬಯಿಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಈ ವಿಷಯ ಹೆಚ್ಚು ಪ್ರಸ್ತುತವಾಗಿದೆ. ತಂದೆತಾಯಿಗಳಿಬ್ಬರೂ ಮುಂಜಾನೆಯ ಲೋಕಲ್ ರೈಲು ಹಿಡಿದು ಕೆಲಸಕ್ಕೆ ಹೋಗಿ ಕತ್ತಲಾದ ಮೇಲೆ ಮನೆಗೆ ಮರಳುವ ಸಂಸಾರಗಳು ಇಲ್ಲಿ ಅಸಂಖ್ಯ. ಮಗುವಿಗೆ ಜ್ವರ ಬಂದರೆ ರಾತ್ರಿ ಹತ್ತಿರದ ದವಾಖಾನೆಯಲ್ಲಿ ಔಷಧಿ ಪಡೆಯುವುದು, ಎರಡು ದಿನಗಳಲ್ಲಿ ಜ್ವರ ಇಳಿದರೆ ಔಷಧಿ ನಿಲ್ಲಿಸುವುದು ವಾಡಿಕೆ. ಮೂತ್ರಪರೀಕ್ಷೆಯ ಯೋಚನೆಯೇ ಬರುವುದಿಲ್ಲ. ಮೂತ್ರದ ಸೋಂಕು ಹೀಗೆಯೇ ಕಣ್ತಪ್ಪಿ ಹೋಗುತ್ತದೆ.

ಮೂತ್ರದ ಸೋಂಕು

ದೊಡ್ಡ ಮಕ್ಕಳಲ್ಲಿ ಮೂತ್ರ ಮಾಡುವಾಗ ಉರಿ, ಪದೇ ಪದೇ ಮೂತ್ರಕ್ಕೆ ಅವಸರ, ಕಿಬ್ಬೊಟ್ಟೆಯ ನೋವು ಮುಂತಾದ ಲಕ್ಷಣಗಳು ಕಾಣಿಸುತ್ತವೆ. ಮಾತು ಬಾರದ ಹಸುಳೆಯಲ್ಲಿ ಇವು ಇರಲಾರವು. ಸ್ಪಷ್ಟ ಕಾರಣವಿಲ್ಲದ ಜ್ವರ, ವಾಂತಿ, ಹಾಲು ಕುಡಿಯದಿರುವುದು, ತೂಕ ಏರದಿರುವುದು, ನವಜಾತ ಶಿಶುವಿನ ಕಾಮಾಲೆ ದೀರ್ಘಕಾಲ ಉಳಿಯುವುದು ಇವೇ ಸೂಚನೆಗಳು. ಶೀತ, ಕೆಮ್ಮು, ಭೇದಿ ಯಾವುದೂ ಇಲ್ಲದೆ ಜ್ವರ ಬಂದ ಶಿಶುವಿನ ಮೂತ್ರವನ್ನು ಪರೀಕ್ಷಿಸಲೇಬೇಕು. ಬಹುಪಾಲು ಸೋಂಕುಗಳಿಗೆ ಕರುಳಿನಲ್ಲಿ ವಾಸಿಸುವ ಇ. ಕೋಲೈ ಎಂಬ ರೋಗಾಣು ಕಾರಣ. ಮೊದಲ ವರ್ಷದ ನಂತರ ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು.

ಆ್ಯಂಟಿಬಯಾಟಿಕ್ ಔಷಧಿಯನ್ನು ಆರಂಭಿಸುವ ಮೊದಲೇ ಕಲ್ಚರ್ ಪರೀಕ್ಷೆಗೆ ಮೂತ್ರ ತೆಗೆದಿರಬೇಕು. ಮೊದಲೇ ಔಷಧಿ ಕೊಟ್ಟರೆ ರೋಗಾಣು ಪರೀಕ್ಷೆಯಲ್ಲಿ ಸಿಕ್ಕದೆ ಹೋಗಬಹುದು. ದೊಡ್ಡ ಮಕ್ಕಳಲ್ಲಿ ಜನನೇಂದ್ರಿಯವನ್ನು ನೀರಿನಿಂದ ತೊಳೆದು, ಮೂತ್ರದ ಮೊದಲ ಭಾಗವನ್ನು ಬಿಟ್ಟು, ನಡುವಿನ ಭಾಗವನ್ನು ಪ್ರಯೋಗಾಲಯದವರು ಕೊಟ್ಟ ಕ್ರಿಮಿರಹಿತ ಡಬ್ಬಿಯಲ್ಲಿ ಹಿಡಿಯಬೇಕು. ಶಿಶುಗಳಲ್ಲಿ ವೈದ್ಯರು ಸಣ್ಣ ನಳಿಕೆಯ ಮೂಲಕ ತೆಗೆಯುತ್ತಾರೆ. ಚರ್ಮಕ್ಕೆ ಅಂಟಿಸುವ ಚೀಲದಲ್ಲಿ ಹಿಡಿದ ಮೂತ್ರ ಕಲ್ಚರ್‌ಗೆ ನಂಬಲರ್ಹವಲ್ಲ. ಮಾದರಿ ಒಂದು ಗಂಟೆಯೊಳಗೆ ಪ್ರಯೋಗಾಲಯ ಸೇರಬೇಕು, ಆಗದಿದ್ದರೆ ಫ್ರಿಜ್‌ನಲ್ಲಿರಿಸಬೇಕು. ವರದಿಗೆ ಎರಡು ದಿನ ಹಿಡಿಯುವುದಾದರೂ, ಮಾದರಿ ತೆಗೆದ ಮೇಲೆ ಚಿಕಿತ್ಸೆ ತಡವಾಗಬಾರದು. ವೈದ್ಯರು ಹೇಳಿದಷ್ಟು ದಿನ ಔಷಧಿ ಪೂರ್ಣಗೊಳ್ಳಲೇಬೇಕು.

ಸೋಂಕು ಬಂದ ಮಕ್ಕಳಲ್ಲಿ ಸುಮಾರು ಮೂರನೆಯ ಒಂದು ಭಾಗಕ್ಕೆ, ಮೂತ್ರಕೋಶದಿಂದ ಮೂತ್ರ ಹಿಮ್ಮುಖವಾಗಿ ಮೂತ್ರಪಿಂಡದತ್ತ ಹರಿಯುವ ದೋಷವಿರುತ್ತದೆ. ಮತ್ತೆ ಮತ್ತೆ ಸೋಂಕು ತಗುಲಿದರೆ ಮೂತ್ರಪಿಂಡದಲ್ಲಿ ಕಲೆಗಳುಂಟಾಗಿ, ಮುಂದೆ ರಕ್ತದೊತ್ತಡ ಮತ್ತು ಮೂತ್ರಪಿಂಡದ ವೈಫಲ್ಯಕ್ಕೆ ದಾರಿಯಾಗಬಹುದು. ಆದ್ದರಿಂದ ಸೋಂಕು ವಾಸಿಯಾದ ಮೇಲೂ ವೈದ್ಯರು ಸೂಚಿಸಿದ ಅಲ್ಟ್ರಾಸೌಂಡ್ ಮುಂತಾದ ಪರೀಕ್ಷೆಗಳನ್ನು ಮಾಡಿಸಬೇಕು.

ಗಂಡುಮಕ್ಕಳಲ್ಲಿ ಮೂತ್ರದ ಧಾರೆ ಕ್ಷೀಣವಾಗಿದ್ದು ಹನಿಹನಿಯಾಗಿ ಬೀಳುತ್ತಿದ್ದರೆ, ಮೂತ್ರಮಾರ್ಗದಲ್ಲಿ ಹುಟ್ಟಿನಿಂದಲೇ ಇರುವ ಕವಾಟದಂತಹ ಪೊರೆ ಅಡ್ಡಿಯಾಗಿರಬಹುದು. ಇದನ್ನು ಶೀಘ್ರವಾಗಿ ಶಸ್ತ್ರಕ್ರಿಯೆಯಿಂದ ಸರಿಪಡಿಸಬೇಕು. ಗರ್ಭಿಣಿಯ ಅಲ್ಟ್ರಾಸೌಂಡ್‌ನಲ್ಲಿ ಶಿಶುವಿನ ಮೂತ್ರಪಿಂಡ ಊದಿರುವುದು ಕಂಡಿದ್ದರೆ, ಆ ವರದಿಯನ್ನು ಹೆರಿಗೆಯ ನಂತರ ಮಕ್ಕಳ ವೈದ್ಯರಿಗೆ ತಪ್ಪದೆ ತೋರಿಸಬೇಕು. ಹೆರಿಗೆಗೆಂದು ತಾಯಿ ಊರಿಗೆ ಹೋಗುವಾಗ ವರದಿ ಇಲ್ಲಿಯೇ ಉಳಿದುಹೋಗಬಾರದು.

ಮುಖದ ಬಾವು

ಎರಡರಿಂದ ಆರು ವರ್ಷದ ಮಗು ಬೆಳಿಗ್ಗೆ ಏಳುವಾಗ ಕಣ್ಣಿನ ಸುತ್ತ ಊತ, ಮೂತ್ರದಲ್ಲಿ ನೊರೆ ಕಂಡುಬಂದರೆ ಅದು ನೆಫ್ರಾಟಿಕ್ ಸಿಂಡ್ರೋಮ್ ಇರಬಹುದು. ಇದರಲ್ಲಿ ರಕ್ತದ ಆಲ್ಬುಮಿನ್ ಮೂತ್ರದಲ್ಲಿ ಹರಿದುಹೋಗುತ್ತದೆ. ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಕ್ಕಳು ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್ ಔಷಧಿಗೆ ಗುಣ ಹೊಂದುತ್ತಾರೆ. ಆದರೆ ರೋಗ ಮರುಕಳಿಸುವುದುಂಟು. ಆದ್ದರಿಂದ ತಾಯಂದಿರು ಮೂತ್ರದ ಪ್ರೋಟೀನನ್ನು ಪಟ್ಟಿಯಿಂದ ಮನೆಯಲ್ಲಿಯೇ ಪರೀಕ್ಷಿಸಿ, ಒಂದು ಪುಸ್ತಕದಲ್ಲಿ ದಿನಾಂಕ ಸಹಿತ ಬರೆದಿಡಲು ಕಲಿಯಬೇಕು. ಸ್ಟಿರಾಯ್ಡನ್ನು ಹಠಾತ್ತಾಗಿ ನಿಲ್ಲಿಸುವುದು ಅಪಾಯಕರ. ಮೇ ತಿಂಗಳ ರಜೆಯಲ್ಲಿ ಊರಿಗೆ ಹೊರಡುವ ಕುಟುಂಬ ರಜೆಯುದ್ದಕ್ಕೂ ಸಾಕಾಗುವ ಮಾತ್ರೆಗಳನ್ನೂ ಆ ಪುಸ್ತಕವನ್ನೂ ಜೊತೆಗೆ ಒಯ್ಯಬೇಕು.

ಗಂಟಲುನೋವಿನ ಒಂದೆರಡು ವಾರಗಳ ನಂತರ ಅಥವಾ ಚರ್ಮದ ಕಜ್ಜಿಯ ಕೆಲವು ವಾರಗಳ ನಂತರ ಮಗುವಿನ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿ ಮುಖ ಊದಿದರೆ ಅದು ಬೇರೆ ರೋಗ. ರಕ್ತದೊತ್ತಡ ಅಪಾಯಕರವಾಗಿ ಏರಬಹುದಾದ್ದರಿಂದ ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು. ಸಕಾಲದ ಚಿಕಿತ್ಸೆಯಿಂದ ಬಹುತೇಕ ಮಕ್ಕಳು ಪೂರ್ಣ ಗುಣ ಹೊಂದುತ್ತಾರೆ.

ಹಠಾತ್ ವೈಫಲ್ಯ

ಭೇದಿಯಿಂದ ಶರೀರದ ನೀರು ಬತ್ತಿದಾಗ ಮೂತ್ರಪಿಂಡಗಳು ಕೆಲಸ ನಿಲ್ಲಿಸಬಹುದು. ಮೊದಲ ಭೇದಿಯಿಂದಲೇ ಓ.ಆರ್.ಎಸ್. ದ್ರಾವಣ ಕೊಡುವುದು ಉತ್ತಮ ರಕ್ಷಣೆ. ಆರೇಳು ಗಂಟೆ ಮಗು ಮೂತ್ರ ಮಾಡದಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಮಳೆಗಾಲದ ನೆರೆನೀರಿನಿಂದ ಹರಡುವ ಇಲಿಜ್ವರವೂ ಮೂತ್ರಪಿಂಡಕ್ಕೆ ಘಾತಕ. 2005ರ ಜುಲೈ 26ರ ಮಹಾಮಳೆಯ ನಂತರ ಮುಂಬಯಿ ಪ್ರದೇಶದಲ್ಲಿ ಈ ರೋಗ ಉಲ್ಬಣಿಸಿತ್ತು. ನಿಂತ ನೀರಿನಲ್ಲಿ ಮಕ್ಕಳು ಆಡಕೂಡದು.

ಔಷಧಿಯೇ ವಿಷವಾದ ಪ್ರಸಂಗಗಳೂ ಇವೆ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಪ್ರದೇಶದಲ್ಲಿ ಡೈಎಥಿಲೀನ್ ಗ್ಲೈಕಾಲ್ ಬೆರೆತಿದ್ದ ಕೆಮ್ಮಿನ ಸಿರಪ್ ಕುಡಿದು ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡದ ವೈಫಲ್ಯದಿಂದ ಮರಣ ಹೊಂದಿದರು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ಶೀತದ ಸಿರಪ್ ಕೊಡಕೂಡದೆಂದೂ, ಐದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಸಲ್ಲದೆಂದೂ ಕೇಂದ್ರ ಆರೋಗ್ಯ ಸೇವಾ ಮಹಾನಿರ್ದೇಶನಾಲಯ ಆಗ ಸೂಚಿಸಿತು.

ನಿತ್ಯದ ಎಚ್ಚರ ಮತ್ತು ನೆರವು

ಶಾಲೆಯ ಶೌಚಾಲಯ ಹೊಲಸಾಗಿದೆಯೆಂದು ಹೆಣ್ಣುಮಕ್ಕಳು ನೀರು ಕುಡಿಯದೆ, ಮೂತ್ರವನ್ನು ತಡೆದು ಸಂಜೆ ಮನೆಗೆ ಬರುವುದುಂಟು. ಮೂತ್ರ ತಡೆಯುವುದು ಮತ್ತು ಮಲಬದ್ಧತೆ ಎರಡೂ ಸೋಂಕಿಗೆ ಎಡೆಗೊಡುತ್ತವೆ. ಪಾಲಕರು ಈ ವಿಷಯವನ್ನು ಶಾಲೆಯ ಸಭೆಗಳಲ್ಲಿ ಸಂಕೋಚವಿಲ್ಲದೆ ಎತ್ತಬೇಕು. ಐದು ವರ್ಷದವರೆಗೆ ಮಗು ರಾತ್ರಿ ಹಾಸಿಗೆ ಒದ್ದೆ ಮಾಡುವುದು ಸಹಜ. ಅದಕ್ಕೆ ದಂಡಿಸುವುದು ಸಲ್ಲದು.

ಮೊದಲ ತಪಾಸಣೆಗೆ ಡೊಂಬಿವಲಿಯ ಶಾಸ್ತ್ರಿನಗರ, ಕಲ್ಯಾಣದ ರುಕ್ಮಿಣಿಬಾಯಿ, ಠಾಣೆ ಕಳವಾದ ಛತ್ರಪತಿ ಶಿವಾಜಿ ಮಹಾರಾಜ ಹಾಗೂ ವಾಶಿಯ ಮಹಾನಗರಪಾಲಿಕೆಯ ಆಸ್ಪತ್ರೆಗಳಿವೆ. ಪರೇಲ್‌ನಲ್ಲಿ ಮಕ್ಕಳಿಗಾಗಿಯೇ ಮೀಸಲಾದ ವಾಡಿಯಾ ಆಸ್ಪತ್ರೆಯಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮತ್ತು ಸರಕಾರಿ ಶಾಲೆಯ ಮಕ್ಕಳ ಆರೋಗ್ಯ ತಪಾಸಣೆ ನಡೆಯುತ್ತದೆ. 2018ರ ಆಯುಷ್ಮಾನ್ ಭಾರತ ಯೋಜನೆ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಆಸ್ಪತ್ರೆಯ ವೆಚ್ಚ ಭರಿಸುತ್ತದೆ.

ಮೂತ್ರಪಿಂಡಗಳು ಸಂಪೂರ್ಣ ವಿಫಲವಾದರೆ ಡಯಾಲಿಸಿಸ್ ಮತ್ತು ಬದಲಿ ಜೋಡಣೆ ಮಾತ್ರ ಉಳಿಯುವ ಮಾರ್ಗಗಳು. ಎಳೆಯ ಮಗುವಿಗೂ ಅದರ ಸಂಸಾರಕ್ಕೂ ಅವು ಬಹು ಕಷ್ಟದ ಮಾರ್ಗಗಳು. ಸಾಮಾನ್ಯ ಮೂತ್ರಪರೀಕ್ಷೆಗೆ ತಗಲುವ ಖರ್ಚು ಅತ್ಯಲ್ಪ. ಜ್ವರದಲ್ಲಿರುವ ಹಸುಳೆಯನ್ನು ಎತ್ತಿಕೊಂಡು ದವಾಖಾನೆಗೆ ಹೋದ ತಾಯಿ, ಮೂತ್ರ ಪರೀಕ್ಷಿಸಬೇಕೇ ಎಂದು ವೈದ್ಯರನ್ನು ಒಮ್ಮೆ ಕೇಳಿದರೂ ಸಾಕು, ಎಷ್ಟೋ ಮಕ್ಕಳ ಮೂತ್ರಪಿಂಡಗಳು ಉಳಿಯುತ್ತವೆ.