ಬಯಾನಾ ಕೊಡುವ ಮುನ್ನ ಮನೆ ನೋಡಿ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಪಾಠ ಹೇಳುವ ಮೇಷ್ಟ್ರಿಗೆ ಮನೆ ಕೊಳ್ಳುವ ಮಾತೇಕೆ ಎಂದು ನೀವು ಕೇಳಬಹುದು. ಕಾರಣವಿದೆ. ನಮ್ಮಲ್ಲಿ ಮನೆಯ ಹಣ, ಮಕ್ಕಳ ಓದಿನ ಹಣ ಎರಡೂ ಒಂದೇ ಗಂಟಿನಲ್ಲಿರುತ್ತವೆ. ಮನೆಯಲ್ಲಿ ಮೋಸಹೋದರೆ ಮೊದಲು ನಿಲ್ಲುವುದು ಓದು.

ಇದು ನಮ್ಮ ಮನೆಯಲ್ಲೇ ನಡೆದದ್ದು. ನನ್ನ ಅಕ್ಕ, ಭಾವ ಪಾಂಡವಪುರದಲ್ಲಿ ಒಂದು ಹಳೆಯ ಮನೆ ನೋಡಿದರು. ಹೊಸದಾಗಿ ಬಣ್ಣ ಬಳಿದಿತ್ತು. "ನಾಳೆ ಮೈಸೂರಿನ ಪಾರ್ಟಿ ಹಣ ತರ್ತಾರೆ, ಇವತ್ತೇ ಬಯಾನಾ ಕೊಟ್ಟರೆ ನಿಮಗೇ" ಎಂದ ದಲ್ಲಾಳಿ. ಭಾವ ಅರ್ಧ ಗಂಟೆ ಸುತ್ತಾಡಿ, ಹೇಳಿದ ಬೆಲೆಗಿಂತ ಐವತ್ತು ಸಾವಿರ ಹೆಚ್ಚಿಗೆ ಒಪ್ಪಿ, ಸಂಜೆಯೇ ಹಣ ಎಣಿಸಿದರು. ಮಳೆಗಾಲ ಬಂದಾಗ ಗೋಡೆ ಸೊಂಟದೆತ್ತರಕ್ಕೆ ತೇವ ಹಿಡಿಯಿತು, ಅಡುಗೆಮನೆಯ ತಾರಸಿ ಸೋರಿತು. ದುರಸ್ತಿಗೆ ಹೋದದ್ದು ಅಕ್ಕನ ಮಗಳ ಕಾಲೇಜಿನ ಹಣ. ಪಿಯುಸಿ ಪಾಸಾದ ಹುಡುಗಿ ಒಂದು ವರ್ಷ ಮನೆಯಲ್ಲೇ ಕುಳಿತಳು. ಆ ಮೈಸೂರಿನ ಪಾರ್ಟಿ ನಿಜವಾಗಿ ಇತ್ತೋ ಇಲ್ಲವೋ, ಇಂದಿಗೂ ಗೊತ್ತಿಲ್ಲ.

ಕೊಳ್ಳುವ ಮನಸ್ಸಿಲ್ಲದೆ ಬೆಲೆ ಏರಿಸಲು ಸುಳ್ಳು ಬೇಡಿಕೆ ಒಡ್ಡುವುದಕ್ಕೆ 'ನಜಶ್' ಎನ್ನುತ್ತಾರೆ. ಪ್ರವಾದಿಯವರು (ಸ) ಅದನ್ನು ನಿಷೇಧಿಸಿದ್ದಾರೆ. ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟು ಒಳಗಿನ ತೇವ ಕಂಡು, ಅದನ್ನು ಮೇಲೆ ಏಕೆ ಇಡಲಿಲ್ಲವೆಂದು ಅವರು ವ್ಯಾಪಾರಿಯನ್ನು ಕೇಳಿದ ಪ್ರಸಂಗ ನಿಮಗೆ ಗೊತ್ತಿದೆ. ಮಾರುವವನಿಗೆ ಅದರಲ್ಲಿ ಪಾಠವಿದೆ. ಕೈಯಿಟ್ಟು ನೋಡದ ನಮಗೂ ಇದೆ.

ದೇಶದ ಕಾನೂನೂ ಇದನ್ನೇ ಹೇಳುತ್ತದೆ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೇ ಕಲಮಿನ ಪ್ರಕಾರ, ತನಗೆ ಗೊತ್ತಿರುವ ಮುಖ್ಯ ದೋಷವನ್ನು ಮಾರುವವನು ತಿಳಿಸಬೇಕು. ಆದರೆ ಆ ಹೊಣೆ, ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ದೋಷಕ್ಕೆ ಮಾತ್ರ. ಕಣ್ಣಿಗೆ ಕಾಣುವುದನ್ನು ನೋಡದೆ ಬಂದರೆ ಆಮೇಲೆ ಅಳುವುದಷ್ಟೇ ಉಳಿಯುತ್ತದೆ.

ಹಾಗಾದರೆ ಪೈಪೋಟಿ ಇದ್ದಾಗ ಏನು ಮಾಡಬೇಕು? ಬೆಲೆಯಲ್ಲಿ ಪೈಪೋಟಿ ಮಾಡಿ, ಹಣ ಬೇಗ ಕೊಡುತ್ತೇನೆನ್ನಿ, ಆದರೆ ಪರೀಕ್ಷೆ ಬಿಡಬೇಡಿ. ಒಂದೇ ದಿನ ಸಾಕು. ನಂಬಿಕೆಯ ಮೇಸ್ತ್ರಿ ಮತ್ತು ವೈರಿಂಗ್ ಬಲ್ಲವರನ್ನು ಕರೆದೊಯ್ಯಿರಿ. ಅವರ ಒಂದು ದಿನದ ಕೂಲಿ ಮನೆಯ ಬೆಲೆಯ ಮುಂದೆ ಏನೂ ಅಲ್ಲ. ಬೀರುವಿನ ಹಿಂದೆ, ಮೆಟ್ಟಿಲ ಕೆಳಗೆ, ಸ್ನಾನದ ಮನೆಯ ಹಿಂಗೋಡೆ ನೋಡಿ. ತಾರಸಿ ಹತ್ತಿ. ಅಕ್ಕಪಕ್ಕದವರನ್ನು ಮಳೆಗಾಲದ ಬಗ್ಗೆ ಕೇಳಿ. ಅಷ್ಟಕ್ಕೂ ಪುರುಸೊತ್ತಿಲ್ಲವೆಂದರೆ ಸಣ್ಣ ಮೊತ್ತ ಮಾತ್ರ ಕೊಟ್ಟು, ಮನೆಯಲ್ಲಾಗಲಿ ಪತ್ರದಲ್ಲಾಗಲಿ ದೋಷ ಕಂಡರೆ ಹಣ ವಾಪಸ್ ಎಂದು ಕರಾರಿನಲ್ಲಿ ಬರೆಸಿ. ಅದಕ್ಕೂ ಒಪ್ಪದವರ ಮನೆ ಬಿಡಿ.

ಊರಿಗೊಂದು ಎಚ್ಚರವೂ ಬೇಕು. ಪಾಂಡವಪುರ, ಕೆ.ಆರ್. ಪೇಟೆಯ ನಾಲೆ ಬಯಲಿನಲ್ಲಿ ನೆಲದ ತೇವ ನೋಡಿ. ನಾಗಮಂಗಲದಲ್ಲಿ ಬೋರ್‌ವೆಲ್ ನೀರನ್ನು ಬೇಸಿಗೆಯಲ್ಲಿ ಓಡಿಸಿ ನೋಡಿ. ಶ್ರೀರಂಗಪಟ್ಟಣದಲ್ಲಿ ಮನೆ ಯಾವ ಸಂರಕ್ಷಿತ ಸ್ಮಾರಕಕ್ಕೆ ಎಷ್ಟು ದೂರವೆಂದು ಅಳೆಯಿರಿ. 2010ರ ತಿದ್ದುಪಡಿಯಂತೆ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ದುರಸ್ತಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರ್‌ನಲ್ಲಿ ಕಟ್ಟಲು ಅನುಮತಿ ಬೇಕು. ಮೇಲೊಂದು ಅಂತಸ್ತು ಕಟ್ಟುವ ಆಸೆಯಿಂದ ಕೊಂಡವರು ಇದನ್ನು ತಿಳಿಯದೆ ಕೈಸುಟ್ಟುಕೊಳ್ಳಬಾರದು.

ವಿದ್ಯಾರ್ಥಿಗಳೇ, ಕೊನೆಯ ಮಾತು ನಿಮಗೆ. ನಮ್ಮ ಹಿರಿಯರಲ್ಲಿ ಉರ್ದು ಮಾತ್ರ ಓದಬಲ್ಲವರು ಬಹಳ. ಕ್ರಯಪತ್ರ, ಖಾತೆ, ಋಣಭಾರ ಪತ್ರ ಇರುವುದು ಕನ್ನಡದಲ್ಲಿ. ಅಬ್ಬಾ ಸಹಿ ಹಾಕುವ ಮುನ್ನ ಅದನ್ನು ಒಂದೊಂದು ಸಾಲಾಗಿ ಓದಿ ಹೇಳಿ. ನೀವು ಕಲಿತ ಕನ್ನಡ ನಿಮ್ಮ ಮನೆಯನ್ನೂ ನಿಮ್ಮ ಓದನ್ನೂ ಕಾಯಲಿ.